ಗರಿಯಿಂದ ಹಚ್ಚಿದ ಮುಲಾಮು

ಅಕ್ಕನ ಎದೆಯ ಚರ್ಮ ಸುಟ್ಟು ಕಪ್ಪಾದಾಗ ನಾನು ಅದಕ್ಕೆ ನನ್ನ ಕೈಯಿಂದ ಮುಲಾಮು ಹಚ್ಚಲಿಲ್ಲ. ಹಚ್ಚುವುದು ನನ್ನ ಪಾಲಿನ ಕೆಲಸವಾಗಿತ್ತು. ಆಪರೇಶನ್ ಆದ ಮೇಲೆ ಆಕೆಯ ಎಡಗೈ ಭುಜದ ಮೇಲಕ್ಕೆ ಏಳುತ್ತಿರಲಿಲ್ಲ. ಬಲಗೈ ಎಡಗಂಕುಳಿನ ಹಿಂದಕ್ಕೆ ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ಇನ್ನೊಬ್ಬ ಹೆಂಗಸು ಅಂದರೆ ನಾನೇ. ಆದರೂ ಮುಟ್ಟಲಿಲ್ಲ. ಮುಟ್ಟದೇ ಇರುವುದಕ್ಕೆ ಒಂದು ಸುಳ್ಳು ಹೇಳಿದೆ. ಆ ಸುಳ್ಳನ್ನು ಅಕ್ಕ ನಂಬಿದಳು. ಚರ್ಮ ಮಾಯಿತು, ಸುಳ್ಳು ಆಕೆಯ ಮೈಯಲ್ಲಿ ಉಳಿಯಿತು.

ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವಳು. ಬರೆಯುವ ರೂಢಿ ಇಲ್ಲ. ಆದರೆ ದವಾಖಾನೆಯ ಬಾಂಕಿನ ಮೇಲೆ ರೋಗಿಯ ಪಕ್ಕ ಕುಳಿತಿರುವವರಲ್ಲಿ ನನ್ನಂಥವರು ಯಾರಾದರೂ ಇದ್ದಾರು. ಒಳಗೊಳಗೇ ಹೆದರಿ, ಆ ಹೆದರಿಕೆಯನ್ನು ಯಾರಿಗೂ ಹೇಳಲಾರದೆ ಕುಳಿತವರು. ಅವರಿಗಾಗಿ ಬರೆಯುತ್ತಿದ್ದೇನೆ.

ನಮ್ಮ ತವರು ಕೊಡಂಬಲ. ಅಕ್ಕ ಜಗದೇವಿಯನ್ನು ಬಸವಕಲ್ಯಾಣಕ್ಕೆ ಕೊಟ್ಟರು, ನನ್ನನ್ನು ಹುಮನಾಬಾದಿಗೆ. ಅಕ್ಕನ ಗಂಡ ತೀರಿ ಬಹಳ ವರ್ಷವಾಯಿತು. ಆಕೆ ಅಂಗನವಾಡಿಯಲ್ಲಿ ಸಹಾಯಕಿ. ಓಣಿಯ ಎಷ್ಟೋ ಮಕ್ಕಳು ಆಕೆಯ ತೊಡೆಯ ಮೇಲೆ ಕುಳಿತೇ ಉಪ್ಪಿಟ್ಟು ತಿನ್ನಲು ಕಲಿತವು. ನಾನು ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗೆ, ಮನೆಗಳಿಗೆ ಕೊಡುತ್ತೇನೆ. ನನ್ನ ಗಂಡ ಅಡತಿ ಅಂಗಡಿಯಲ್ಲಿ ಹಮಾಲಿ ಮಾಡುತ್ತಾನೆ.

ಅಕ್ಕನಿಗೆ ಎಡ ಎದೆಯಲ್ಲಿ ಗಂಟು ಆಯಿತು. ಎದೆ ತೆಗೆದರು. ಆಮೇಲೆ ಸಲಾಯಿನಿನಲ್ಲಿ ಔಷಧ ಕೊಟ್ಟರು, ಕೂದಲು ಹೋಯಿತು. ಅದೆಲ್ಲ ಮುಗಿದ ಮೇಲೆ ರೇಡಿಯೇಶನ್ ಅಂತ ಕಾಗದದಲ್ಲಿ ಬರೆದರು. ಸಾಲಿನಲ್ಲಿ ಕುಳಿತ ನಾವೆಲ್ಲ ಅದಕ್ಕೆ ಕರೆಂಟ್ ಅನ್ನುತ್ತಿದ್ದೆವು. ವಾರಕ್ಕೆ ಐದು ದಿನ ಕಲಬುರಗಿಗೆ ಹೋಗಬೇಕು. ಬಸವಕಲ್ಯಾಣದಿಂದ ದೂರವಾಗುತ್ತದೆ ಎಂದು ನಾನೇ ಹೇಳಿದೆ, "ನಮ್ಮ ಮನಿಗಿ ಬಾ ಅಕ್ಕಾ, ನಾ ಅದೀನಲ್ಲ." ಆ ಮಾತು ನನ್ನ ಬಾಯಿಂದಲೇ ಬಂದದ್ದು. ಈಗಲೂ ಅದು ನೆನಪಾದರೆ ಮುಖ ಬಿಸಿಯಾಗುತ್ತದೆ.

ಮೊದಲ ವಾರ ಏನೂ ಆಗಲಿಲ್ಲ. ಎದೆಯ ಮೇಲೆ ಶಾಯಿಯಲ್ಲಿ ಗೆರೆ ಎಳೆದಿದ್ದರು, ಅಷ್ಟೇ. "ಹೊಲ ಅಳದಂಗ ಅಳದಾರ ನೋಡು ನನಗ," ಎಂದು ಅಕ್ಕ ನಗುತ್ತಿದ್ದಳು. ಮೂರನೇ ವಾರಕ್ಕೆ ಗೆರೆಯ ಒಳಗಿನ ಚರ್ಮ ಕೆಂಪಾಯಿತು, ಬಿಸಿಲಿಗೆ ಬಿದ್ದ ಹಾಗೆ. ಆಮೇಲೆ ಕಂದಿ ಕಪ್ಪಾಯಿತು. ಅವತ್ತು ಅಕ್ಕ ಒಳಗೆ ಬಟ್ಟೆ ಬದಲಿಸುತ್ತಿದ್ದಾಗ ಸಿಸ್ಟರ್ ನನ್ನನ್ನು ಕರೆದು ಬಿಳಿ ಮುಲಾಮಿನ ಟ್ಯೂಬು ಕೊಟ್ಟಳು.

"ಕರೆಂಟ್ ಆಗಿ ಮನಿಗಿ ಹೋದ ಮ್ಯಾಲ ಹಚ್ರಿ. ಮುಂಜಾನಿ ಬರೋಕಿಂತ ಮೊದಲ ಹಚ್ಚಬ್ಯಾಡ್ರಿ. ಕೈ ಸ್ವಚ್ಛ ತೊಳಕೊಂಡು ಬೆರಳಿಲೆ ಹಗೂರಕ ಸವರ್ರಿ, ತಿಕ್ಕಬಾರದು. ಅರಿಷಿಣ, ಎಣ್ಣಿ, ಪೌಡರ್ ಏನೂ ಬ್ಯಾಡ. ಕಂಕುಳಾಗ ಮಡಿಕಿ ಇರ್ತದಲ್ಲ, ಅಲ್ಲಿ ಮರೀಬ್ಯಾಡ್ರಿ."

ನಾನು ಮೆಲ್ಲಗೆ ಕೇಳಿದೆ, "ಬಾಯೀ, ಮುಟ್ಟಿದವರಿಗೇನರ ಆಗ್ತದೇನ್ರಿ?"

ಆಕೆ ನಕ್ಕಳು. "ಏನಾಗ್ತದ್ರಿ? ಕರೆಂಟ್ ಮಷೀನಿನಾಗ ಇರ್ತದ, ಅವರ ಮೈಯಾಗ ಉಳಿಯಂಗಿಲ್ಲ. ಕೂಸಿಗಿ ಎತ್ತಗೋಬಹುದು, ಮಗ್ಗಲಾಗ ಮಲಗಬಹುದು. ಸುಮ್ಕ ಹೆದರಬ್ಯಾಡ್ರಿ."

ಇದನ್ನು ಯಾಕೆ ಬರೆದೆ ಅಂದರೆ, ನನಗೆ ಗೊತ್ತಿತ್ತು. ತಿಳಿಯದೆ ಮಾಡಿದೆ ಎನ್ನುವ ಹಾಗಿಲ್ಲ.

ಮನೆಗೆ ಬಂದಾಗ ರೊಟ್ಟಿ ಒಯ್ಯಲು ಖಾನಾವಳಿಯ ಒಡತಿ ಬಂದು ನಿಂತಿದ್ದಳು. ಅಕ್ಕ ಹಿತ್ತಲಿಗೆ ಹೋಗುವುದನ್ನೇ ಕಾಯ್ದು ಕೇಳಿದಳು, "ಕಸ್ತೂರಬಾಯಿ, ಅಕಿಗಿ ಕ್ಯಾನ್ಸರ್ ಅದ ಅಂತಲ್ಲ? ನೀ ಅಕಿದು ಎಲ್ಲಾ ಮಾಡಿ ಅದೇ ಕೈಲೆ ಹಿಟ್ಟ ಕಲಸ್ತಿ ಏನ್?"

"ಇಲ್ಲರಿ. ಅಕಿದು ಎಲ್ಲಾ ಬ್ಯಾರೆ ಅದ. ನಾ ಮುಟ್ಟಂಗೇ ಇಲ್ಲ ಅಕಿಗಿ."

ಗಿರಾಕಿ ಹೋಗುತ್ತಾರೆಂದು ಹಾಗೆ ಹೇಳಿದೆ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ನೆಪ. ಖರೇ ಅಂದರೆ ಆ ಚರ್ಮ ನೋಡಿದಾಗಲೇ ನನ್ನ ಬೆರಳು ಮುದುಡಿಕೊಂಡಿದ್ದವು. ಹೊಲಿಗೆಯ ಗೆರೆ, ಅದರ ಸುತ್ತ ಕಂದಿದ ಚರ್ಮ, ಅಲ್ಲಿಂದ ಬರುತ್ತಿದ್ದ ಕಾವು. ಕೆಂಡದಂಥ ಹಂಚಿನ ಮೇಲೆ ರೊಟ್ಟಿ ತಿರುವುವ ಕೈ ನನ್ನದು. ಆ ಕಾವಿಗೆ ಹೆದರಿತು.

ಒಳಗೆ ಅಕ್ಕ ಗೋಡೆಯ ಕಡೆ ಮುಖ ಮಾಡಿ, ಸೆರಗು ಇಳಿಸಿ ಕುಳಿತಿದ್ದಳು. "ಹಚ್ಚು ಬಾ ಕಸ್ತೂರಿ, ಉರಿಯಾಕತ್ತದ."

ಚಿಕ್ಕಂದಿನಲ್ಲಿ ಅಪ್ಪ ಎತ್ತಿನ ಹೆಗಲ ಹುಣ್ಣಿಗೆ ಕೋಳಿಯ ಗರಿಯಿಂದ ಎಣ್ಣೆ ಹಚ್ಚುತ್ತಿದ್ದ. ಕೈ ತಗುಲಿದರೆ ಎತ್ತು ಹಾಯುತ್ತದೆ ಎಂದು ಹಾಗೆ. ನನಗೆ ಅದೇ ಹೊಳೆಯಿತು. ಪಕ್ಕದ ಮನೆಯವರ ಅಂಗಳದಿಂದ ಒಂದು ಗರಿ ತಂದು ತೊಳೆದೆ, ಟ್ಯೂಬಿನ ಮುಲಾಮನ್ನು ಸಣ್ಣ ಬಟ್ಟಲಿಗೆ ಹಿಂಡಿಕೊಂಡೆ, ಗರಿಯ ತುದಿ ಅದ್ದಿ ಸವರಿದೆ.

ಅಕ್ಕ ತಿರುಗಿ ನೋಡಿದಳು. "ಇದೇನಿದು?"

"ಕೈ ಹಚ್ಚಬಾರದಂತ ಅಕ್ಕಾ. ಡಾಕ್ಟರ್ ಹೇಳ್ಯಾರ. ಕರೆಂಟ್ ಸ್ವಲ್ಪ ದಿನ ಮೈಯಾಗೇ ಇರ್ತದಂತ. ಮುಟ್ಟಿದವರಿಗಿ ಹತ್ತತದಂತ."

ಅಕ್ಕ ಗರಿಯ ತುದಿಯನ್ನೇ ನೋಡಿದಳು. ಆಮೇಲೆ ನಕ್ಕಳು. "ಅಪ್ಪ ನಮ್ಮ ಬಿಳಿ ಎತ್ತಿಗಿ ಹಿಂಗೇ ಹಚ್ತಿದ್ದ ನೋಡು. ನಾಳಿಗಿ ಹಿಂಡಿ ಕಲಸಿ ಇಡ್ತಿ ಏನ್ ನನ್ನ ಮುಂದ?"

ನಾನೂ ನಕ್ಕೆ. ನಗುವಿನಲ್ಲಿ ಮಾತು ಮುಗಿದುಹೋಯಿತು ಎಂದುಕೊಂಡೆ.

ಮುಗಿಯಲಿಲ್ಲ. ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕುಳಿತು ನಮ್ಮಿಬ್ಬರ ನಡುವೆ ಚೀಲ ಇಟ್ಟಳು. ಅದುವರೆಗೆ ಚೀಲ ಕಾಲ ಬಳಿ ಇರುತ್ತಿತ್ತು. ತಿರುವಿನಲ್ಲಿ ಬಸ್ಸು ಹೊರಳಿದರೆ ಆಕೆ ಮುಂದಿನ ಸೀಟಿನ ಕಂಬಿ ಗಟ್ಟಿ ಹಿಡಿಯುತ್ತಿದ್ದಳು, ನನ್ನ ಮೇಲೆ ಬೀಳಬಾರದೆಂದು. ಮನೆಯಲ್ಲಿ ತಾಟು, ಗಿಲಾಸು ತಾನೇ ಬೇರೆ ಇಟ್ಟುಕೊಂಡಳು. ಹಾಸಿಗೆಯನ್ನು ಪಡಸಾಲೆಗೆ ಒಯ್ದಳು. ನನ್ನ ಗಂಡ, "ಒಳಗ ಮಲಕೋರಿ ಅಕ್ಕೋರ, ಅಲ್ಲಿ ಥಂಡಿ ಅದ," ಎಂದರೆ, "ನನಗ ಇಲ್ಲೇ ಹವಾ ಛಲೋ ಬರ್ತದಪ್ಪ," ಅನ್ನುತ್ತಿದ್ದಳು. ಎಳ್ಳಮಾವಾಸ್ಯೆಯ ಚಳಿ ಅದು. ನಾನು ಒಳಗೆ ಹಿಟ್ಟು ನಾದುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ.

ದಿನಾ ಮಧ್ಯಾಹ್ನ ಗರಿ ತೆಗೆದುಕೊಂಡು ಹೋಗಿ ಆಕೆಯ ಎಡಮಗ್ಗುಲಿಗೆ ಕೂಡುತ್ತಿದ್ದೆ. ಗರಿ ಎದೆಯ ಮೇಲೆ ಓಡುತ್ತಿತ್ತು, ಕಂಕುಳಿನ ಮಡಿಕೆಗೆ ಇಳಿಯುತ್ತಿರಲಿಲ್ಲ. ಅಲ್ಲಿಗೆ ಬೆರಳೇ ಬೇಕು. ನಾನು ಮೇಲೆ ಮೇಲೆ ಎರಡು ಸಲ ಎಳೆದು ಎದ್ದುಬಿಡುತ್ತಿದ್ದೆ.

ಒಂದು ಭಾನುವಾರ ಅಕ್ಕನ ಮಗಳು ಸವಿತಾ ಬಂದಳು. ಆಕೆಯನ್ನು ಬೇಮಳಖೇಡಕ್ಕೆ ಕೊಟ್ಟಿದೆ. ಮದುವೆಯಾಗಿ ಬಹಳ ವರ್ಷ ಕಾಯ್ದ ಮೇಲೆ ಹುಟ್ಟಿದ ಮಗು, ಐಶು, ಆಗ ಎಂಟು ತಿಂಗಳದ್ದು. ಅಕ್ಕನ ಔಷಧ ನಡೆದಾಗ ಸೋಂಕು ತಗುಲೀತೆಂದು ಡಾಕ್ಟರರು ಯಾರನ್ನೂ ಹತ್ತಿರ ಬಿಟ್ಟಿರಲಿಲ್ಲ. ಈಗ ಬಿಟ್ಟಿದ್ದರು. ಸವಿತಾ ಬಾಗಿಲಲ್ಲೇ, "ತಗೋ ಅವ್ವಾ, ನಿನ್ನ ಮೊಮ್ಮಗಳಿಗಿ," ಎಂದು ಎರಡೂ ಕೈಯಲ್ಲಿ ಮಗುವನ್ನು ಮುಂದೆ ಚಾಚಿದಳು.

ಅಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. "ಅಲ್ಲೇ ಚಾಪಿ ಮ್ಯಾಲ ಬಿಡು. ನನ್ನ ಕೈ ನೋಯಾಕತ್ತದ."

"ತೊಡಿ ಮ್ಯಾಲ ಕುಂದ್ರಿಸ್ತೀನಿ, ಎತ್ತಬ್ಯಾಡ."

"ಬ್ಯಾಡ ಅಂದ್ರ ಬ್ಯಾಡ."

ಮಗು ಚಾಪೆಯ ಮೇಲಿಂದ ತೆವಳಿಕೊಂಡು ಅಕ್ಕನ ಕಡೆ ಹೊರಟಿತು. ಅಕ್ಕ ಎದ್ದು ಹಿತ್ತಲಿಗೆ ಹೋದಳು. ಸವಿತಾ ನನ್ನ ಮುಖ ನೋಡಿ ನಗುತ್ತಲೇ ಅಂದಳು, "ಏನ್ ಮೌಶಿ, ಹೆಣ್ಣು ಹುಟ್ಟಿತಂತ ಮುಟ್ಟವಲ್ಲಳೇನ್ ನಮ್ಮವ್ವ?" ಬಾಯಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. ಚಹಾ ಕುಡಿದು ಬೇಗ ಹೋದಳು.

ಅಕ್ಕ ಹಿತ್ತಲಲ್ಲಿ ತುಳಸಿಕಟ್ಟೆಗೆ ಒರಗಿ ನಿಂತಿದ್ದಳು. "ಅಕಿಗಿ ಹೇಳಬ್ಯಾಡ ಕಸ್ತೂರಿ, ನನ್ನ ಮೈಯಾಗ ಕರೆಂಟ್ ಅದಂತ. ಹೇಳಿದ್ರ ಹೆದರಿ ಬರೋದೇ ಬಿಡ್ತಾಳ. ದೂರಿಂದರ ನೋಡ್ತೀನಿ." ನಾನು ಹೂಂ ಅಂದೆ. ಆಗ ಹೇಳಬೇಕಾಗಿತ್ತು. ಎರಡು ಮಾತಿನಲ್ಲಿ ಮುಗಿಯುತ್ತಿತ್ತು.

ಕರೆಂಟಿನ ಕೋಣೆಯ ಹೊರಗಿನ ಸಾಲು ಒಂದು ಬೇರೆಯೇ ಊರು. "ನಿಮ್ದು ಎಷ್ಟನೇದು?" ಎಂದೇ ಮಾತು ಶುರುವಾಗುತ್ತದೆ. ಹದಿನಾಲ್ಕು, ಇಪ್ಪತ್ತು. ಮುಗಿಯುವುದು ಹತ್ತಿರ ಬಂದವರನ್ನು ಉಳಿದವರು ಮೆಟ್ರಿಕ್ ಪಾಸಾದವರನ್ನು ನೋಡುವ ಹಾಗೆ ನೋಡುತ್ತಾರೆ. ಅಲ್ಲಿ ಮನ್ನಾಏಖೇಳ್ಳಿಯ ವಯಸ್ಸಾದ ಗಂಡಹೆಂಡತಿ ಬರುತ್ತಿದ್ದರು. ಅಜ್ಜಿಗೆ ಗಂಟಲಲ್ಲಿ ಬ್ಯಾನಿ, ಕುತ್ತಿಗೆ ಸುಟ್ಟ ಬದನೆಕಾಯಿಯ ಹಾಗೆ ಆಗಿತ್ತು. ಅವರ ಊರಿನ ಬಸ್ಸು ತಡ. ಅದಕ್ಕೇ ಕರೆಂಟ್ ಆದ ಕೂಡಲೇ ಅಜ್ಜ ಬಾಂಕಿನ ಮೇಲೆಯೇ ಆಕೆಯನ್ನು ಕುಳ್ಳಿರಿಸಿ, ತನ್ನ ಒರಟು ಬೆರಳಿನಿಂದ ಮುಲಾಮು ಹಚ್ಚುತ್ತಿದ್ದ.

"ಗ್ವಾಡಿಗಿ ಸುಣ್ಣ ಬಳಿಯಾಕತ್ತಿ ಏನ್? ಹಗೂರಕ," ಎಂದು ಅಜ್ಜಿ ಗೊಗ್ಗರು ದನಿಯಲ್ಲಿ ಬೈಯುತ್ತಿದ್ದಳು.

"ಸುಮ್ಕಿರು. ಮದುವ್ಯಾಗ ಅರಿಷಿಣ ಹಚ್ಚುವಾಗ ಇಷ್ಟ ಮಾತಾಡಿದ್ದಿಲ್ಲ ನೀ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಕ್ಕ ನಗಲಿಲ್ಲ. ಅಜ್ಜನ ಬೆರಳನ್ನೇ ನೋಡುತ್ತಿದ್ದಳು. ನಾನು ಬೇರೆ ಕಡೆ ನೋಡಿದೆ. ಆಕೆ ನನ್ನ ಕಡೆ ಬಾಗಿ ಅಂದಳು, "ಕಸ್ತೂರಿ, ಪಾಪ ಆ ಅಜ್ಜಗ ಯಾರೂ ಹೇಳಿಲ್ಲ ಕಾಣ್ತದ. ಬರೇ ಕೈಲೆ ಹಚ್ಚಾಕತ್ತಾನ. ಹೋಗಿ ಹೇಳು. ವಯಸ್ಸಾದಂವ, ಅವನಿಗಿ ಹತ್ತೀತು."

ನಾನು ಎದ್ದು ಹೋದೆ. ಹೋಗಿ, "ಅಜ್ಜಾ, ನಿಮ್ಮೂರ ಬಸ್ ಎಷ್ಟಕ್ಕದ್ರಿ?" ಎಂದು ಕೇಳಿದೆ. ಅಜ್ಜ ಬಸ್ಸಿನ ಕಥೆ ಎಲ್ಲ ಹೇಳಿದ, ತನ್ನ ಚೀಲದಿಂದ ಒಂದು ಪೇರಲಹಣ್ಣು ತೆಗೆದು ಕೊಟ್ಟ. ತಿರುಗಿ ಬಂದು ಅಕ್ಕನಿಗೆ, "ಹೇಳಿದೆ," ಎಂದೆ.

ಮರುದಿನವೂ ಅಜ್ಜ ಕೈಯಿಂದಲೇ ಹಚ್ಚಿದ. ಅಕ್ಕ ನೋಡಿ ನಿಟ್ಟುಸಿರು ಬಿಟ್ಟಳು. "ಹೇಳಿದ್ರೂ ಕೇಳವಲ್ಲ ನೋಡು. ಅಕಿ ಮ್ಯಾಲ ಅಷ್ಟ ಜೀವ ಅವನಿಗಿ." ಆ ಮಾತು ನನಗೆ ಚುಚ್ಚಲೆಂದು ಆಕೆ ಆಡಿದ್ದಲ್ಲ.

ಕೊನೆಯ ವಾರ ಇನ್ನೂ ಬಾಕಿ ಇತ್ತು. ಕಂಕುಳಿನ ಮಡಿಕೆಯಲ್ಲಿ ಚರ್ಮ ಒಡೆಯಿತು. ಜಂಪರಿಗೆ ಹಳದಿ ನೀರು ಅಂಟಿತ್ತು. ಡಾಕ್ಟರರು ಕೆಲವು ದಿನ ಕರೆಂಟ್ ನಿಲ್ಲಿಸಿದರು. ಸಿಸ್ಟರ್ ಹುಣ್ಣು ತೊಳೆದು, ಬೇರೆ ಮುಲಾಮು ಹಚ್ಚಿ, ಮೆತ್ತಗಿನ ಪಟ್ಟಿ ಇಟ್ಟಳು. ಇಡುತ್ತ ಕೇಳಿದಳು, "ಮನ್ಯಾಗ ಯಾರ ಹಚ್ತೀರಿ? ಮಡಿಕ್ಯಾಗ ಬೆರಳ ಹಾಕಿ ಹಚ್ತಿದ್ರಿಲ್ಲ?"

ಅಕ್ಕ ಅಂದಳು, "ಕೈ ಹಚ್ಚಬಾರದಂತ ನೀವೇ ಹೇಳೀರಂತಲ್ಲರಿ. ಗರಿಲೆ ಹಚ್ತಾಳ."

"ಗರಿ? ಯಾರ್ರಿ ಹೇಳಿದವರು?"

ಇಬ್ಬರೂ ನನ್ನ ಕಡೆ ನೋಡಿದರು. ನನ್ನ ಬಾಯಿಂದ ಬಂದದ್ದು ಇನ್ನೊಂದು ಸುಳ್ಳು. "ಹೊರಗ ಸಾಲಿನಾಗ ಯಾರೋ ಅಂದ್ರು ಬಾಯಿ... ಡಾಕ್ಟರ್ ಹಂಗ ಹೇಳ್ಯಾರಂತ."

ಸಿಸ್ಟರ್ ಹಣೆ ಚಚ್ಚಿಕೊಂಡಳು. ಅಕ್ಕನಿಗೆ ತಿಳಿಸಿ ಹೇಳಿದಳು: ಮೈಯಲ್ಲಿ ಏನೂ ಇಲ್ಲ, ಯಾರು ಬೇಕಾದರೂ ಮುಟ್ಟಬಹುದು. ಹೊರಗೆ ಬರುವಾಗ ನನಗೆ ಮಾತ್ರ ಕೇಳುವ ಹಾಗೆ, "ನಿಮ್ದೇ ತಪ್ಪು ಅನ್ನಂಗಿಲ್ಲರಿ. ಕೆಲವರಿಗಿ ಎಷ್ಟ ಹಚ್ಚಿದ್ರೂ ಅಲ್ಲಿ ಒಡೀತದ," ಎಂದಳು. ಮನೆಯಲ್ಲಿ ಪಟ್ಟಿ ಬದಲಿಸಲಿಕ್ಕೆ ರಬ್ಬರಿನ ಕೈಗವಸು ಕೊಟ್ಟಳು, ಹುಣ್ಣಿಗೆ ಹೊಲಸು ಹತ್ತಬಾರದೆಂದು.

ನನ್ನ ಎದೆಯಿಂದ ಒಂದು ಕಲ್ಲು ಇಳಿದ ಹಾಗಾಯಿತು. ಇನ್ನು ಅಕ್ಕ ಚೀಲ ಕೆಳಗಿಡುತ್ತಾಳೆ, ನಾನು ಬಾಯಿ ಬಿಡುವ ಕಾರಣವೇ ಇಲ್ಲ ಎಂದುಕೊಂಡೆ. ಬಸ್ಸಿನಲ್ಲಿ ಆಕೆ ಮತ್ತೆ ಚೀಲ ನಡುವೆ ಇಟ್ಟಳು.

"ಸಿಸ್ಟರ್ ಹೇಳಿದ್ಲಲ್ಲ ಅಕ್ಕಾ."

"ಅಕಿ ನನ್ನ ಸಮಾಧಾನಕ್ಕ ಹೇಳ್ತಾಳ. ಏನೂ ಇಲ್ಲಂದ್ರ ನಿನಗ ಕೈಗವಸು ಯಾಕ ಕೊಟ್ಲು? ಡಾಕ್ಟರ್ ಮಂದಿಗಿ ಹಂಗೇ, ಪೇಶಂಟಿನ ಮುಂದ ಒಂದು, ಹಿಂದ ಒಂದು. ನೀ ನನ್ನ ತಂಗಿ, ಇದ್ದದ್ದು ಹೇಳಿದಿ. ಛಲೋ ಮಾಡಿದಿ."

ಕಮಲಾಪುರ ದಾಟುವವರೆಗೂ ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ, ಮುಚ್ಚಿದೆ. ಹುಮನಾಬಾದ ಬಂತು, ಇಳಿದೆವು.

ಆಮೇಲೆ ಕೈಗವಸು ಹಾಕಿಕೊಂಡು ಹಚ್ಚಿದೆ, ಮಡಿಕೆಯೊಳಗೂ. ಎರಡು ವಾರಕ್ಕೆ ಹುಣ್ಣು ಒಣಗಿತು. ಸತ್ತ ಚರ್ಮ ಉಳ್ಳಾಗಡ್ಡಿ ಸಿಪ್ಪೆಯ ಹಾಗೆ ಎದ್ದು ಹೋಯಿತು, ಕೆಳಗೆ ಎಳೆಯ ಚರ್ಮ ಬಂತು. ಉಳಿದ ಕರೆಂಟೂ ಮುಗಿಯಿತು. ಇದನ್ನು ಓದುವವರಿಗೆ ಯಾರಿಗಾದರೂ ಈಗ ಆ ಹಂತ ನಡೆದಿದ್ದರೆ ಹೇಳುತ್ತೇನೆ, ಅದು ಮಾಯುತ್ತದೆ. ನೋಡಲು ಎಷ್ಟು ಭಯಂಕರ ಕಂಡರೂ ಮಾಯುತ್ತದೆ. ಹೆದರಿಕೆಯಾದರೆ ಹೆದರಿಕೆಯಾಯಿತೆಂದು ಯಾರ ಮುಂದಾದರೂ ಹೇಳಿಬಿಡಿ. ನನಗೆ ಆಗದೇ ಹೋದದ್ದು ಅದೊಂದೇ.

ಅಕ್ಕ ಬಸವಕಲ್ಯಾಣಕ್ಕೆ ಹೋದಳು. ಫೋನಿನಲ್ಲಿ ಚೆನ್ನಾಗಿಯೇ ಮಾತಾಡುತ್ತಿದ್ದಳು. ಅಂಗನವಾಡಿಗೆ ಯಾವಾಗ ಹೋಗುತ್ತಿ ಎಂದರೆ, "ಇನ್ನೂ ಸ್ವಲ್ಪ ದಿನ ಹೋಗ್ಲಿ. ಸಣ್ಣ ಮಕ್ಕಳು ಇರ್ತಾವಲ್ಲ ಅಲ್ಲಿ," ಅನ್ನುತ್ತಿದ್ದಳು. ನಾನು ತಾಯಿಯ ಮಾತು ಎತ್ತಿದರೆ ಸವಿತಾ ವಿಷಯ ಬದಲಿಸುತ್ತಿದ್ದಳು. ನಾನು ಇಬ್ಬರಿಗೂ ಫೋನ್ ಮಾಡುತ್ತಿದ್ದೆ, ಇಬ್ಬರಿಗೂ ಹೇಳುತ್ತಿರಲಿಲ್ಲ. ಫೋನ್ ಇಟ್ಟ ಮೇಲೆ ಮನೆಯಲ್ಲಿ ಜನ ಇದ್ದರೂ ಒಬ್ಬಳೇ ಇದ್ದಂತೆ ಅನಿಸುತ್ತಿತ್ತು. ಗಂಡನ ಮುಂದೆಯೂ ಬಾಯಿ ಬಿಡಲಿಲ್ಲ.

ಬೇಸಿಗೆಯಲ್ಲಿ ಸಂಡಿಗೆ ಮಾಡಲು ಅಕ್ಕ ಕರೆದಳು. ಹೋದೆ. ಸವಿತಾಳೂ ಬಂದಿದ್ದಳು, ನಾನೇ ಒತ್ತಾಯ ಮಾಡಿ ಕರೆಸಿದ್ದೆ. ಬೆಳಿಗ್ಗೆ ಸವಿತಾ ಮಾಳಿಗೆಯ ಮೇಲೆ ಸೀರೆ ಹಾಸಿ ಸಂಡಿಗೆ ಇಡುತ್ತಿದ್ದಳು. ನಾನು ಕೆಳಗೆ ಒಲೆಯ ಮುಂದೆ ಹಿಟ್ಟು ತಿರುವುತ್ತಿದ್ದೆ. ಅಂಗಳದಲ್ಲಿ ಅಕ್ಕ ಮೊರ ಹಿಡಿದು ಕುಳಿತಿದ್ದಳು. ಐಶು ಆಗ ತಾನೇ ನಡೆಯಲು ಕಲಿತಿತ್ತು. ಗೋಡೆ ಹಿಡಿದು ಬಂದು, ಗೋಡೆ ಬಿಟ್ಟು, ಅಜ್ಜಿಯ ಕಡೆ ನಾಲ್ಕು ಹೆಜ್ಜೆ ಇಟ್ಟಿತು. ಅಕ್ಕ ಎದ್ದು ನಿಂತಳು. ಐದನೇ ಹೆಜ್ಜೆಗೆ ಮಗು ಮುಗ್ಗರಿಸಿ ಹಾಸುಗಲ್ಲಿನ ಮೇಲೆ ಬಿತ್ತು, ಆಕೆಯ ಕಾಲ ಬುಡದಲ್ಲೇ.

ಅಕ್ಕನ ಎರಡೂ ಕೈ ಮುಂದೆ ಬಂದವು. ಬಂದು, ನಿಂತು, ಹಿಂದೆ ಹೋದವು. ಬೆನ್ನ ಹಿಂದೆ ಒಂದು ಕೈಯಿಂದ ಇನ್ನೊಂದು ಕೈ ಗಟ್ಟಿ ಹಿಡಿದುಕೊಂಡು ಕೂಗಿದಳು, "ಸವಿತಾ! ಏ ಸವಿತಾ! ಕೂಸು ಬಿತ್ತು, ಬಾ ಲಗೂನ!"

ನಾನು ಓಡಿ ಬಂದು ಮಗುವನ್ನು ಎತ್ತಿಕೊಂಡೆ. ತುಟಿ ಒಡೆದಿತ್ತು. ಸವಿತಾ ಮಾಳಿಗೆಯ ಅಂಚಿಗೆ ಬಂದು ಕೆಳಗೆ ನೋಡಿದಳು. ನನ್ನ ತೋಳಲ್ಲಿ ಅಳುವ ಮಗುವನ್ನು, ಪಕ್ಕದಲ್ಲೇ ಕೈ ಹಿಂದೆ ಕಟ್ಟಿ ನಿಂತ ತಾಯಿಯನ್ನು ನೋಡಿದಳು. "ಬಗ್ಗಿ ಎತ್ತಾಕೂ ಆಗಲಿಲ್ಲೇನ ಅವ್ವಾ? ಇಷ್ಟ ಬ್ಯಾಡ ಆಗಿತ್ತಂದ್ರ ಮೊದಲೇ ಹೇಳಬೇಕಿತ್ತು. ನಾ ಇನ್ನ ಬರಂಗಿಲ್ಲ ನಿನ್ನ ಮನಿಗಿ."

ಅಕ್ಕ ಮಗಳ ಸಿಟ್ಟನ್ನು ತಲೆ ತಗ್ಗಿಸಿ ತೆಗೆದುಕೊಂಡಳು.

ನಾನು ಆಕೆಯ ಮುಂದೆ ಹೋಗಿ ನಿಂತೆ. "ಎತ್ತಗೋ ಅಕ್ಕಾ. ಏನೂ ಆಗಂಗಿಲ್ಲ."

"ಹುಚ್ಚಿ, ನೀನೇ ಹೇಳಿದ್ದಲ್ಲ..."

"ಸುಳ್ಳ ಹೇಳಿದ್ದೆ."

ಅಕ್ಕ ನನ್ನ ಮುಖ ನೋಡಿದಳು.

"ಯಾರೂ ಹೇಳಿದ್ದಿಲ್ಲ. ಡಾಕ್ಟರೂ ಹೇಳಿದ್ದಿಲ್ಲ, ಸಾಲಿನಾಗ ಕುಂತವರೂ ಹೇಳಿದ್ದಿಲ್ಲ. ನಾ ಕಟ್ಟಿದ್ದು."

"ಎಲ್ಲಾ?"

"ಎಲ್ಲಾ."

"ಅಜ್ಜಗ ಹೇಳೀನಿ ಅಂದಿದ್ದು?"

"ಅದೂ."

ಮಗು ನನ್ನ ಸೆರಗಿಗೆ ರಕ್ತ ಒರೆಸುತ್ತ ಅಳುತ್ತಿತ್ತು. ಅಕ್ಕನ ಕೈ ಇನ್ನೂ ಹಿಂದೆಯೇ ಇದ್ದವು. ಆಕೆ ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು. ಮಗುವನ್ನೇ ನೋಡುತ್ತ ಮೆಲ್ಲಗೆ ಅಂದಳು, "ಇದು ಅಂಬೆಗಾಲು ಇಟ್ಟಿದ್ದು ನಾ ದೂರ ಕುಂತು ನೋಡೀನಿ ಕಸ್ತೂರಿ. ಹಲ್ಲು ಬಂದಿದ್ದು ಅಕಿ ಫೋನಿನಾಗ ಹೇಳಿದ್ಲು." ಆಮೇಲೆ ಮಾಳಿಗೆಯ ಕಡೆ ತಲೆ ಎತ್ತಿದಳು. ಹೊರಡಲೆಂದು ಸವಿತಾ ಅಲ್ಲಿ ಸಿಟ್ಟಿನಿಂದ ಸಂಡಿಗೆಯ ಪಾತ್ರೆ ಎತ್ತಿಡುವ ಸಪ್ಪಳ ಕೇಳುತ್ತಿತ್ತು. "ನನಗ ಹೇಳಿದ್ದು ಆಯ್ತು. ಅಕಿಗಿ ಯಾರ ಹೇಳೋರು? ಅಕಿಗಿ ಕೇಳಂಗ ಹೇಳು. ಗಟ್ಯಾಗಿ ಹೇಳು."

ನಾನು ಮಗುವನ್ನು ಆಕೆಯ ಎದೆಗೆ, ಆ ಮಾಯ್ದ ಎಡಗಡೆಗೇ, ಒತ್ತಿ ಕೊಟ್ಟೆ. ಅಕ್ಕನ ಕೈ ಹಿಂದಿನಿಂದ ಮುಂದೆ ಬಂದವು. ಬಿಗಿಯಾಗಿ, ಗಾಜಿನ ಪಾತ್ರೆ ಹಿಡಿದ ಹಾಗೆ ಹಿಡಿದಳು.

ಅಂಗಳದ ನಡುವೆ ನಿಂತು ಮೇಲೆ ನೋಡಿ ಕೂಗಿದೆ. ಪಕ್ಕದ ಮನೆಯ ಹೆಂಗಸರೂ ಹೊರಗೆ ಬಂದರು. ಬರಲಿ ಎಂದು ಇನ್ನೂ ಗಟ್ಟಿಯಾಗಿ ಕೂಗಿದೆ.

"ಸವಿತಾ, ಕೇಳು ಇಲ್ಲಿ! ನಿಮ್ಮವ್ವಗ ಕೂಸು ಬ್ಯಾಡಾಗಿದ್ದಿಲ್ಲ. ಅಕಿ ಮೈ ಮುಟ್ಟಿದ್ರ ಕರೆಂಟ್ ಹತ್ತತದಂತ ನಾ ಸುಳ್ಳ ಹೇಳಿದ್ದೆ. ಅಕಿ ಹುಣ್ಣು ಮುಟ್ಟಾಕ ನಾ ಹೆದರಿದ್ದೆ, ಅದಕ್ಕ ಹೇಳಿದ್ದೆ. ತಪ್ಪು ನಂದು. ತಪ್ಪಾಯ್ತವ್ವ ಸವಿತಾ. ಅಕ್ಕಾ, ತಪ್ಪಾಯ್ತು ನಂದು."